ದೋಣಿ ಬಾಚೋಕೆ ಎಷ್ಟು ಕೊಡಬೇಕು?

1240ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಹೆನ್ರಿ, ಲಂಡನ್ ಟವರ್‌ನ ನಡುವಿನ ದೊಡ್ಡ ಗೋಪುರಕ್ಕೆ ಸುಣ್ಣ ಹೊಡೆಸಿದ. ಇವತ್ತಿಗೂ ಅದಕ್ಕೆ ವೈಟ್ ಟವರ್ ಅಂತಲೇ ಹೆಸರು. ಮನೆಗೆ ಪೇಂಟ್ ಮಾಡಿಸಿದ ಎಲ್ಲರಿಗೂ ಮೊದಲ ಮಳೆಗಾಲದಲ್ಲಿ ಹೊಳೆಯುವ ವಿಷಯ ಅವನಿಗೂ ಹೊಳೆಯಿತು: ಮೇಲಿನ ನೀರು ಗೋಡೆ ಮೇಲೆ ಇಳಿದರೆ ಬಣ್ಣ ಉಳಿಯೋದಿಲ್ಲ. ಮಾಡಿನ ನೀರೆಲ್ಲ ಸೀಸದ ಕೊಳವೆಯಲ್ಲಿ ನೆಲದವರೆಗೂ ಇಳಿಯಬೇಕು, ಹೊಸ ಸುಣ್ಣದ ಗೋಡೆಗೆ ಒಂದು ಹನಿಯೂ ತಾಗಬಾರದು ಅಂತ ಆಜ್ಞೆ ಹೊರಡಿಸಿದ. ಬ್ರಿಟನ್ನಿನಲ್ಲಿ ಗೋಡೆಗುಂಟ ಇಳಿಸಿದ ಮಳೆನೀರಿನ ಕೊಳವೆಗಳಲ್ಲಿ ಇದೇ ಮೊದಲಿನದು ಅಂತ ಇತಿಹಾಸ ಬರೆಯುವವರು ಹೇಳುತ್ತಾರೆ.

ಆಜ್ಞೆಯಲ್ಲಿ ಸೀಸದ ಮಾತಿದೆ, ಗೋಡೆಯ ಮಾತಿದೆ. ಅಷ್ಟು ಎತ್ತರ ಹತ್ತಿ ಕಸ ಬಾಚುವವನ ಮಾತಿಲ್ಲ.

ಸ್ವಂತ ಮನೆ ಮಾಡಿಕೊಂಡ ನನ್ನ ವಯಸ್ಸಿನ ಗೆಳೆಯರು ಏಪ್ರಿಲ್ ಬಂತೆಂದರೆ ಕೇಳುವ ಪ್ರಶ್ನೆ ಒಂದೇ. ಮಳೆನೀರಿನ ಪೈಪು, ದೋಣಿ ಕ್ಲೀನ್ ಮಾಡಿಸೋಕೆ ಎಷ್ಟು ಕೊಡಬಹುದು? (ಮಾಡಿನ ಅಂಚಿಗೆ ನೀರು ಹಿಡಿಯಲು ಕಟ್ಟುವ ಅರ್ಧ ಕೊಳವೆಗೆ ನಮ್ಮ ಮಲೆನಾಡಿನ ಕಡೆ ದೋಣಿ ಅಂತೀವಿ.) ನಂಬರ್ ಹೇಳೋದು ಕಷ್ಟ ಅಲ್ಲ, ಮುಂದೆ ಹೇಳ್ತೀನಿ. ಆದರೆ ಅದೇ ಕೆಲಸಕ್ಕೆ ಬೆಂಗಳೂರಲ್ಲಿ ಒಂದು ರೇಟು, ಡಲ್ಲಾಸಲ್ಲಿರುವ ನನ್ನ ಕ್ಲಾಸ್‌ಮೇಟ್ ಕೊಡೋ ರೇಟು ಅದರ ಏಳೆಂಟು ಪಟ್ಟು. ಯಾಕೆ ಅಂತ ಹುಡುಕುತ್ತಾ ಹೋದಾಗ ನನಗೆ ಕಂಡಿದ್ದು ಇಷ್ಟು: ಬಾಚುವ ಕೆಲಸಕ್ಕೆ ಬೆಲೆ ಕಟ್ಟಿದ ಕಾಲ ತೀರಾ ಈಚಿನದು. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ಲೆಕ್ಕ ಹಾಕಿದ್ದು, ಬಾಚದೇ ಇದ್ದರೆ ಯಾರು ದಂಡ ಕಟ್ಟಬೇಕು ಅನ್ನೋದನ್ನ.

ಈ ಲೆಕ್ಕದ ಬಹಳ ಹಳೆಯ ಒಂದು ಪುಸ್ತಕ ಮತ್ತೆ ಬೆಳಕು ಕಂಡಿದ್ದು ನಮ್ಮ ಮೈಸೂರಿನಲ್ಲೇ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನ ಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಬಿಡಿಸಿ ನೋಡಿದರೆ, ಕಳೆದೇ ಹೋಯಿತು ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ನಾವೆಲ್ಲ ಅರ್ಥಶಾಸ್ತ್ರ ಅಂದರೆ ಗೂಢಚಾರರು, ವಿಷಕನ್ಯೆಯರು ಅಂತ ನೆನಪಿಟ್ಟುಕೊಂಡಿದ್ದೀವಿ. ಆದರೆ ಅದರ ಮೂರನೇ ಅಧಿಕರಣದಲ್ಲಿ ಮನೆ, ಗೋಡೆ, ಸೂರು, ಚರಂಡಿಗಳ ಜಗಳಗಳಿಗೆ ಅಂತಲೇ ಒಂದು ಭಾಗ ಇದೆ. ಓದಿದರೆ ಯಾವುದೋ ಲೇಔಟಿನ ಅಸೋಸಿಯೇಷನ್ ಮೀಟಿಂಗ್ ಮಿನಿಟ್ಸ್ ಓದಿದ ಹಾಗೆ ಆಗುತ್ತೆ.

ಎರಡು ಮನೆಗಳ ಸೂರಿನ ನಡುವೆ 4 ಅಂಗುಲ ಬಿಡಬೇಕು, ಇಲ್ಲವೇ ಒಂದರ ಮೇಲೊಂದು ಹತ್ತಿಕೊಂಡಿರಬೇಕು. ನೀರಿನ ಕಾಲುವೆ ಪಕ್ಕದವನ ಗೋಡೆಯಿಂದ 3 ಪಾದ ದೂರ ಇರಬೇಕು, ನೀರು ನಿಲ್ಲದೆ ಇಳಿದು ಹೋಗುವ ಹಾಗೆ ಮಾಡಬೇಕು. ತಪ್ಪಿದರೆ 54 ಪಣ ದಂಡ. ನಿನ್ನ ನೀರಿನಿಂದ ಪಕ್ಕದವನ ಗೋಡೆ ಹಾಳಾದರೆ 12 ಪಣ, ಅದು ಕಕ್ಕಸಿನ ನೀರಾಗಿದ್ದರೆ ಎರಡು ಪಟ್ಟು. ಆಮೇಲೆ ಒಂದು ಪುಟ್ಟ ನಿಯಮ ಬರುತ್ತೆ. ಮಳೆ ಬರುವಾಗ ಪ್ರಣಾಳಿ, ಅಂದರೆ ನೀರಿನ ನಾಳ, ಕಟ್ಟಿಕೊಳ್ಳದೆ ತೆರೆದಿರಬೇಕು. ಇಲ್ಲದಿದ್ದರೆ ಮತ್ತೆ 12 ಪಣ.

12 ಪಣ ಅಂದರೆ ಎಷ್ಟು? ಅದೇ ಪುಸ್ತಕದಲ್ಲಿ ಹೊಲದ ಆಳಿಗೆ ಊಟದ ಜೊತೆ ತಿಂಗಳಿಗೆ ಒಂದೂಕಾಲು ಪಣ ಅಂತ ಸಂಬಳ ಹೇಳಿದೆ. ಹಾಗಾದರೆ ನಾಳ ಕಟ್ಟಿಕೊಂಡರೆ ಬೀಳುವ ದಂಡ ಆ ಆಳಿನ ಒಂಬತ್ತೂವರೆ ತಿಂಗಳ ಸಂಬಳ! 54 ಪಣ ಅಂದರೆ ಹೆಚ್ಚುಕಡಿಮೆ ಮೂರೂವರೆ ವರ್ಷದ್ದು. ಅರ್ಥಶಾಸ್ತ್ರದ ಕಾಲ ಯಾವುದು ಅನ್ನೋ ಬಗ್ಗೆ ವಿದ್ವಾಂಸರ ಜಗಳ ಇದ್ದೇ ಇದೆ, ಅದು ನಮಗೆ ಬೇಡ. ನಾಳ ಬಾಚಲು ಅದೇ ಆಳು ಹತ್ತಿದ್ದರೆ ಒಂದು ಹೊತ್ತಿನ ಕೆಲಸ. ತಿಂಗಳಿಗೆ ಒಂದೂಕಾಲು ಪಣದವನಿಗೆ ಅರ್ಧ ದಿನಕ್ಕೆ ಎಷ್ಟು ಬೀಳುತ್ತೆ, ನೀವೇ ಭಾಗಿಸಿ ನೋಡಿ. ಕೆಲಸದ ಬೆಲೆಗೂ ಕೆಲಸ ತಪ್ಪಿಸಿದ ಬೆಲೆಗೂ ಇರುವ ಈ ಅಂತರ ಆಮೇಲೆ ಎಲ್ಲಾ ಕಾಲದಲ್ಲೂ ಬರುತ್ತೆ.

ಇನ್ನು ಲಂಡನ್. 1189ರ ಸುಮಾರಿಗೆ, ಮೊದಲ ಮೇಯರ್ ಹೆನ್ರಿ ಫಿಟ್ಸ್‌ಐಲ್ವಿನ್ ಹೆಸರಲ್ಲಿ ಮನೆ ಕಟ್ಟುವವರಿಗೆ ಒಂದಷ್ಟು ಕಟ್ಟಳೆ ಬಂತು. ಮರದ ಮನೆಗಳು ಸಾಲಾಗಿ ಸುಟ್ಟು ಹೋಗುತ್ತಿದ್ದ ಊರು ಅದು. ಹಾಗಾಗಿ ಅಕ್ಕಪಕ್ಕದವರು ತಲಾ ಒಂದೂವರೆ ಅಡಿ ಜಾಗ ಬಿಟ್ಟು, ಮೂರಡಿ ದಪ್ಪ, 16 ಅಡಿ ಎತ್ತರದ ಕಲ್ಲಿನ ಗೋಡೆ ಕಟ್ಟಿಕೊಳ್ಳಲಿ ಅಂತ ಹೇಳಿತು. ಗೋಡೆ ಒಂದೇ ಆದ ಮೇಲೆ ಎರಡು ಮಾಡಿನ ನೀರು ಬಂದು ಬೀಳುವ ದೋಣಿಯೂ ಒಂದೇ. ಯಾರ ನೀರು ಯಾರ ಜಾಗದಲ್ಲಿ ಇಳಿಯಬೇಕು ಅನ್ನೋ ತಕರಾರು ಎಷ್ಟು ಆಗುತ್ತಿತ್ತು ಅಂದರೆ, ಮೇಯರ್ ಮತ್ತು ಹಿರಿಯರು ಪ್ರಮಾಣ ಮಾಡಿದ ಮೇಸ್ತ್ರಿ-ಬಡಗಿಗಳನ್ನ ಕರಕೊಂಡು ಸ್ಥಳಕ್ಕೇ ಹೋಗಿ ನೋಡಿ ತೀರ್ಪು ಕೊಡುತ್ತಿದ್ದರು. 1301ರಿಂದ ಮುಂದಿನ ಇಂಥ ಪ್ರಕರಣಗಳ ದಾಖಲೆ ಈಗಲೂ ಓದಲು ಸಿಗುತ್ತೆ. ತೀರ್ಪು ಸಾಮಾನ್ಯವಾಗಿ ಒಂದೇ ಥರ: 40 ದಿನದೊಳಗೆ ಸರಿಪಡಿಸು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು 1314ರದು. ಆಲಿಸ್ ವೇಡ್ ಅನ್ನೋ ಹೆಂಗಸು ತನ್ನ ಮಹಡಿಯ ಕಕ್ಕಸಿನಿಂದ ಒಂದು ಮರದ ಕೊಳವೆ ಇಳಿಸಿ, ಮನೆಗಳ ಮಳೆನೀರು ಹೋಗಲಿ ಅಂತ ಬೀದಿಯಡಿ ಮಾಡಿದ್ದ ಕಾಲುವೆಗೆ ಸೇರಿಸಿಬಿಟ್ಟಿದ್ದಳು. ಕಾಲುವೆ ಪದೇ ಪದೇ ಕಟ್ಟಿಕೊಂಡಿತು. ಅದು ಯಾರ ಯಾರ ಮನೆ ಕೆಳಗೆ ಹಾದುಹೋಗಿತ್ತೋ ಅವರಿಗೆಲ್ಲ ಮೂಗು ಬಿಡೋಕಾಗಲಿಲ್ಲ. 40 ದಿನದಲ್ಲಿ ಕೊಳವೆ ಕೀಳಬೇಕು ಅಂತ ಆಯಿತು. ಆಲಿಸಮ್ಮನ ಲೆಕ್ಕದಲ್ಲಿ ತಪ್ಪೇನಿಲ್ಲ ನೋಡಿ. ಗುಂಡಿ ಖಾಲಿ ಮಾಡೋಕೆ ಬರುವವರಿಗೆ ಕೊಡಬೇಕಾದ ದುಡ್ಡು ಉಳಿಯಿತು. ಆ ಖರ್ಚು ಮಾಯವಾಗಲಿಲ್ಲ, ಅವಳ ಮನೆಯಿಂದ ನಾಲ್ಕು ಮನೆ ಆಚೆ ಹೋಯಿತು ಅಷ್ಟೇ.

ಇಲ್ಲಿಂದ ನಾಲ್ಕು ಶತಮಾನ ದಾಟಿಸ್ತೀನಿ. 1666ರ ಮಹಾ ಬೆಂಕಿಯ ನೆನಪು ಇನ್ನೂ ಹಸಿಯಾಗಿದ್ದ ಲಂಡನ್ನಿನಲ್ಲಿ, 1707ರ ಕಾನೂನು ಮನೆಗಳ ಮುಂದೆ ಚಾಚಿಕೊಂಡಿದ್ದ ಮರದ ಸೂರನ್ನ ತೆಗೆಸಿತು. ಮಾಡಿನ ಮುಂದೆ ಇಟ್ಟಿಗೆ ಗೋಡೆಯನ್ನ ಮೇಲಕ್ಕೆ ಎಬ್ಬಿಸಿ ಅಂದಿತು, ಅಂದರೆ ನಾವು ಟೆರೇಸಿಗೆ ಕಟ್ಟುವ ಪ್ಯಾರಪೆಟ್. 1724ರ ಇನ್ನೊಂದು ಕಾನೂನು ಮಾಡಿನ ನೀರು ದಾರಿಹೋಕರ ತಲೆ ಮೇಲೆ ಸುರಿಯಬಾರದು, ಗೋಡೆಗುಂಟ ಪೈಪಿನಲ್ಲೇ ಇಳಿಯಬೇಕು ಅಂದಿತು. ಇದರಿಂದ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು. ಸೂರು ಹೊರಗಿದ್ದಾಗ ದೋಣಿ ಕಟ್ಟಿಕೊಂಡರೆ ನೀರು ಬೀದಿಗೆ ಬೀಳುತ್ತಿತ್ತು, ನೆನೆಯುತ್ತಿದ್ದವನು ಯಾರೋ ದಾರಿಹೋಕ. ಈಗ ದೋಣಿ ಪ್ಯಾರಪೆಟ್ ಗೋಡೆಯ ಹಿಂದೆ ಅಡಗಿತು. ಕಟ್ಟಿಕೊಂಡರೆ ನೀರಿಗೆ ಹೊರಹೋಗುವ ದಾರಿಯೇ ಇಲ್ಲ, ಹಿಂದಕ್ಕೆ ನುಗ್ಗಿ ಮನೆ ಯಜಮಾನನ ಬೆಡ್‌ರೂಮಿಗೇ ಇಳಿಯುತ್ತೆ. ಬಾಚಿಸದೇ ಇದ್ದ ಬೆಲೆ ಮೊದಲ ಸಲ ಮಾಲೀಕನ ಮೇಲೇ ಬಿತ್ತು. ಕಾನೂನು ಬರೆದವರಿಗೆ ಬೇಕಿದ್ದದ್ದು ಬೆಂಕಿಯಿಂದ ರಕ್ಷಣೆ. ಇದು ಸೈಡ್ ಎಫೆಕ್ಟ್.

ನಮ್ಮ ಮಲೆನಾಡಿನ ಮನೆಗಳಿಗೆ ಈ ತಲೆನೋವು ಇರಲಿಲ್ಲ. ಸೋಗೆ ಮಾಡು, ಹುಲ್ಲಿನ ಮಾಡು, ನಾಡಹೆಂಚಿನ ಮಾಡು, ಯಾವುದೇ ಆದರೂ ಸೂರು ಉದ್ದಕ್ಕೆ ಚಾಚಿರುತ್ತಿತ್ತು. ನೀರು ನೇರ ಅಂಗಳಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತೆ. ಅಷ್ಟನ್ನು ಹಿಡಿಯೋಕೆ ಹೋಗೋದಕ್ಕಿಂತ ಬಿಟ್ಟುಬಿಡೋದೇ ವಾಸಿ. ದೋಣಿ ಬೇಕಾಗುತ್ತಿದ್ದದ್ದು ಎರಡು ಮಾಡು ಕೂಡುವ ಕಡೆ, ತೊಟ್ಟಿಯ ಮೂಲೆಗಳಲ್ಲಿ, ಜನ ಓಡಾಡುವ ಬಾಗಿಲ ಮೇಲೆ. ಅಡಿಕೆ ಮರವನ್ನ ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದರೆ ದಂಬೆ ಸಿದ್ಧ. ಎರಡು ಮೂರು ಮಳೆಗಾಲ ಬರುತ್ತಿತ್ತು. ಆಮೇಲೆ ಒಲೆಗೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು, ಅದರ ಬೆನ್ನಿಗೆ ತಗಡಿನ ದೋಣಿಯೂ ಬಂತು. ದಂಬೆಯಾದರೆ ಕೊಳೆತು ತಾನೇ ಬೀಳುತ್ತಿತ್ತು, ಕಿತ್ತು ಹೊಸದು ಕಟ್ಟಿದರಾಯಿತು. ತಗಡಿನದು ಹತ್ತಾರು ವರ್ಷ ಇರುತ್ತೆ, ಹಾಗಾಗಿ ಅದನ್ನ ಬಾಚಬೇಕು. ಗಟ್ಟಿ ಸಾಮಾನು ತಂದರೆ ಅದರ ಜೊತೆಗೆ ಮೇಂಟೆನೆನ್ಸೂ ಮನೆಗೆ ಬರುತ್ತೆ. ಇದು ನಮ್ಮ ಸಾಫ್ಟ್‌ವೇರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಬಾಚುತ್ತಿದ್ದವರು ಯಾರು? ಮೇ ಕೊನೆಯಲ್ಲಿ, ಮುಂಗಾರಿಗೆ ಮೊದಲು, ಹೆಂಚು ಕೈಯಾಡಿಸಲು ಬರುತ್ತಿದ್ದವರೇ ದೋಣಿಯನ್ನೂ ಬಾಚಿ ಇಳಿಯುತ್ತಿದ್ದರು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಅಪ್ಪನವರೆಗಿನ ಲೆಕ್ಕದ ಪುಸ್ತಕಗಳಿವೆ. ಗೊಬ್ಬರ, ಕೊಳೆ ಔಷಧಿಗೆ ಮೈಲುತುತ್ತು, ಸೀಮೆಎಣ್ಣೆ, ಎಲ್ಲದಕ್ಕೂ ಸಾಲು ಇದೆ. ದೋಣಿ ಬಾಚಿದ್ದು ಅಂತ ಒಂದು ಸಾಲೂ ಇಲ್ಲ. ‘ಕೂಲಿ’ ಅನ್ನೋ ಒಂದೇ ಪದದೊಳಗೆ ಅದು ಮುಚ್ಚಿಹೋಗಿದೆ. ಮಧ್ಯಾಹ್ನದ ಊಟ, ಎರಡು ಹೊತ್ತು ಕಾಫಿ, ಎಲೆಅಡಿಕೆ ಸೇರಿ ಆ ದಿನದ ಲೆಕ್ಕ. ನಾನು ಹೈಸ್ಕೂಲಿನಲ್ಲಿದ್ದಾಗ, ನಾವು ಮಕ್ಕಳೆಲ್ಲ ಹೆಸರಿಗೆ ಅಣ್ಣ ಸೇರಿಸಿ ಕರೆಯುತ್ತಿದ್ದ ಒಬ್ಬರು ನಮ್ಮೂರಿನ ಒಂದು ಮನೆಯ ಮಾಡಿನಿಂದ ಜಾರಿದರು. ಮೊದಲ ಮಳೆ ಬಿದ್ದಾಗಿತ್ತು, ಹೆಂಚಿನ ಮೇಲೆ ಪಾಚಿ. ಆ ಮನೆಯವರು ಎರಡು ಮೂಟೆ ಅಕ್ಕಿ ಕೊಟ್ಟರು, ಆಸ್ಪತ್ರೆಗೂ ಕರಕೊಂಡು ಹೋದರು. ಕೆಟ್ಟ ಜನ ಅಲ್ಲ. ಅವರ ಕಾಲು ಮಾತ್ರ ನೆಟ್ಟಗಾಗಲಿಲ್ಲ. ಅವರು ಮತ್ತೆ ತೋಟದ ಕೆಲಸಕ್ಕೆ ಬಂದಿದ್ದನ್ನ ನಾನು ನೋಡಲಿಲ್ಲ. ಆ ಮನೆಯ ಲೆಕ್ಕದ ಪುಸ್ತಕದಲ್ಲೂ ಅವತ್ತಿನ ತಾರೀಖಿಗೆ ‘ಕೂಲಿ’ ಅಂತಲೇ ಇರುತ್ತೆ.

ಈಗ ಡಲ್ಲಾಸಿನ ರೇಟಿಗೆ ಬರೋಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಊರಾಚೆ ಸಾಲು ಸಾಲು ಮನೆ ಎದ್ದವು. ಇಳಿಜಾರು ಮಾಡು, ಅಂಚಿಗೆ ಅಲ್ಯೂಮಿನಿಯಂ ಗಟರ್, ಪಕ್ಕದಲ್ಲಿ ಎಲೆ ಉದುರಿಸುವ ಮರ. ಮೊದಲೆಲ್ಲ ಶನಿವಾರ ಮನೆ ಯಜಮಾನನೇ ಏಣಿ ಹಾಕುತ್ತಿದ್ದ. ಯಜಮಾನನಿಗೆ ಪುರುಸೊತ್ತು ಇಲ್ಲದಾಗ, ವಯಸ್ಸಾದಾಗ, ಅದು ಒಂದು ವೃತ್ತಿಯಾಯಿತು. ವೃತ್ತಿಯಾದ ಮೇಲೆ ಅದಕ್ಕೆ ಅಳತೆ ಬಂತು. ಅಲ್ಲಿ ಲೆಕ್ಕ ಅಡಿಯ ಮೇಲೆ: ಗಟರಿನ ಉದ್ದ ಅಡಿಗೆ ಸುಮಾರು ಒಂದು ಡಾಲರ್, ಎರಡಂತಸ್ತಾದರೆ ಹೆಚ್ಚು, ಮಾಡು ಕಡಿದಾಗಿದ್ದರೆ ಇನ್ನೂ ಹೆಚ್ಚು, ವರ್ಷಗಟ್ಟಲೆ ಬಾಚಿಸದೆ ಗಿಡ ಹುಟ್ಟಿದ್ದರೆ ಮತ್ತೂ ಹೆಚ್ಚು. ಸಾಧಾರಣ ಮನೆಗೆ 100ರಿಂದ 250 ಡಾಲರ್ ಒಳಗೆ ಮುಗಿಯುತ್ತೆ. ನನ್ನ ಕ್ಲಾಸ್‌ಮೇಟ್ ಕೊಡೋದು 150. ನಮ್ಮ ದುಡ್ಡಲ್ಲಿ ಹನ್ನೆರಡು ಸಾವಿರ ದಾಟುತ್ತೆ.

‘ಎಲೆ ಬಾಚೋಕೆ ಹನ್ನೆರಡು ಸಾವಿರನಾ?’ ಅಂತ ಅವನಮ್ಮ ಫೋನಲ್ಲಿ ಬೈದರಂತೆ. ಆದರೆ ಆ 150 ಡಾಲರಿನಲ್ಲಿ ಎಲೆ ಬಾಚಿದ್ದರ ಪಾಲು ಸ್ವಲ್ಪವೇ. ಉಳಿದದ್ದು ಬಿದ್ದರೆ ಏನು ಅನ್ನೋದಕ್ಕೆ. ಅಲ್ಲಿ ಸಾಮಾನ್ಯ ಕೆಲಸಗಳಲ್ಲಿ 4 ಅಡಿಗಿಂತ ಎತ್ತರದಲ್ಲಿ ನೌಕರ ನಿಂತರೆ ಬೀಳದ ಹಾಗೆ ಏರ್ಪಾಡು ಮಾಡಬೇಕು ಅಂತ ನಿಯಮ ಇದೆ. ಕಂಪನಿಯವನು ನೌಕರನಿಗೆ ವಿಮೆ ಕಟ್ಟುತ್ತಾನೆ, ಮನೆಗೆ ಹಾನಿಯಾದರೆ ಅದಕ್ಕೊಂದು ವಿಮೆ. ತಿಳಿದವರು ರೇಟಿಗಿಂತ ಮೊದಲು ವಿಮೆಯ ಕಾಗದ ಕೇಳುತ್ತಾರೆ. ನಮ್ಮೂರಲ್ಲಿ ಎರಡು ಮೂಟೆ ಅಕ್ಕಿ ಅಂತ ಆಮೇಲೆ ಕೊಟ್ಟದ್ದನ್ನ ಅಲ್ಲಿ ಮೊದಲೇ, ಬಿಲ್ಲಿನೊಳಗೆ, ಪ್ರತಿ ಮನೆಯಿಂದ ಸ್ವಲ್ಪ ಸ್ವಲ್ಪ ವಸೂಲಿ ಮಾಡುತ್ತಾರೆ. ಅಲ್ಲೂ ವಿಮೆ ಇಲ್ಲದೆ ಅರ್ಧ ರೇಟಿಗೆ ಏಣಿ ಹಾಕುವವರು ಸಿಗುತ್ತಾರೆ ಅನ್ನೋದು ಬೇರೆ ಮಾತು.

ಬೆಂಗಳೂರಿನ ನಮ್ಮ ಆರ್‌ಸಿಸಿ ಮನೆಗಳಿಗೆ ಸೂರೂ ಇಲ್ಲ, ದೋಣಿಯೂ ಇಲ್ಲ. ಇರೋದು 1707ರ ಲಂಡನ್ ಕಾನೂನಿನ ಮಾದರಿ: ಸುತ್ತ ಪ್ಯಾರಪೆಟ್, ಮೂಲೆಯಲ್ಲಿ ಒಂದು ತೂತು, ಅದಕ್ಕೆ ಪೈಪು. ತೂತು ಕಟ್ಟಿಕೊಂಡರೆ ಟೆರೇಸೇ ತೊಟ್ಟಿ. ಸ್ವಲ್ಪ ಲೆಕ್ಕ ಹಾಕಿ. 1,200 ಚದರಡಿ ಟೆರೇಸ್ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ 5,500 ಲೀಟರ್ ನೀರು. ಐದೂವರೆ ಟನ್ ಭಾರ, ಹತ್ತತ್ತಿರ ಒಂದು ಟ್ಯಾಂಕರ್. ಅದನ್ನ ತಡೆಯೋಕೆ ಒಂದು ಹಿಡಿ ಹೊಂಗೆ ಎಲೆ ಸಾಕು. ಹೊಂಗೆ ಎಲೆ ಉದುರಿಸೋದು ಬೇಸಿಗೆ ಶುರುವಿನಲ್ಲಿ, ಹೂ ಉದುರಿಸೋದು ಅದರ ಹಿಂದೆಯೇ, ಮಳೆಗೆ ಸರಿಯಾಗಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನಲ್ಲಿ 15 ಲಕ್ಷ ಗಿಡ ನೆಡಿಸಿದರು. ಅವರು ಕೊಟ್ಟ ನೆರಳಿಗೆ ವರ್ಷಕ್ಕೊಮ್ಮೆ ಪೈಪು ಬಾಚಿಸೋದು ದುಬಾರಿ ಬಾಡಿಗೆ ಏನಲ್ಲ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. 2,400 ಚದರಡಿ ಮತ್ತು ಮೇಲಿನ ಸೈಟಿನ ಹಳೇ ಮನೆ, 1,200 ಚದರಡಿ ಮತ್ತು ಮೇಲಿನ ಸೈಟಿನ ಹೊಸ ಮನೆ. ಮಾಡದಿದ್ದರೆ ನೀರಿನ ಬಿಲ್ಲಿನಲ್ಲೇ ದಂಡ. ಕೌಟಿಲ್ಯನ ದಾರಿಯೇ. ಮಾಡಿನ ನೀರನ್ನ ಸಂಪಿಗೆ ಬಿಟ್ಟುಕೊಳ್ಳುವವರು ತಾವಾಗಿಯೇ ಪೈಪು ಬಾಚಿಸುತ್ತಾರೆ, ಯಾಕಂದರೆ ಕೊಳೆತ ಎಲೆಯ ವಾಸನೆ ನಲ್ಲಿಯಲ್ಲೇ ಬರುತ್ತೆ. ಉಳಿದವರಲ್ಲಿ ಕೆಲವರು ಆಲಿಸ್ ವೇಡ್ ಮಾಡಿದ್ದನ್ನ ತಿರುಗಾಮುರುಗಾ ಮಾಡುತ್ತಾರೆ. ಅವಳು ಕಕ್ಕಸನ್ನ ಮಳೆನೀರಿನ ಕಾಲುವೆಗೆ ಬಿಟ್ಟಳು, ಇವರು ಟೆರೇಸಿನ ಮಳೆನೀರನ್ನ ಒಳಚರಂಡಿಗೆ ಬಿಡುತ್ತಾರೆ. ಪ್ಲಂಬರ್‌ಗೆ ಅದೇ ಸುಲಭ, ಹತ್ತಿರದಲ್ಲೇ ಚೇಂಬರ್ ಇರುತ್ತೆ. ಬಾತ್‌ರೂಮಿನ ನೀರಿಗೆ ಅಂತ ಹಾಕಿದ ಪೈಪಿನೊಳಗೆ ಒಂದು ಬೀದಿಯ ಅಷ್ಟೂ ಮನೆಯ ಟ್ಯಾಂಕರ್‌ಗಟ್ಟಲೆ ನೀರು, ಎಲೆ, ಮಣ್ಣು ಒಟ್ಟಿಗೆ ನುಗ್ಗಿದರೆ ತಗ್ಗಿನಲ್ಲಿರುವ ಮ್ಯಾನ್‌ಹೋಲ್ ಉಕ್ಕದೆ ಏನು ಮಾಡುತ್ತೆ? ಜಲಮಂಡಳಿ ಇದನ್ನ ಎಷ್ಟೋ ಸಲ ಹೇಳಿದೆ.

ಉಕ್ಕಿದ ಮ್ಯಾನ್‌ಹೋಲನ್ನ ಬಿಡಿಸಬೇಕಲ್ಲ. ಯಂತ್ರ ಬರಬೇಕು ಅಂತ ಕಾನೂನು. ರಕ್ಷಣೆ ಇಲ್ಲದೆ ಮನುಷ್ಯನನ್ನ ಇಳಿಸೋದು 2013ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಇಳಿಸುತ್ತಾರೆ, ಸಾಯುತ್ತಾರೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ನಮ್ಮ ಟೆರೇಸಿನ ಪೈಪು ಎಲ್ಲಿಗೆ ಹೋಗಿ ಸೇರುತ್ತೆ ಅಂತ ನೋಡದೆ, ಕ್ಲೀನಿಂಗ್‌ಗೆ ಮುನ್ನೂರು ಕಮ್ಮಿ ಮಾಡಿಸಿದೆ ಅಂತ ಖುಷಿಪಡುವ ಗೆಳೆಯರಿಗೆ ನಾನು ಈ ಅಂಕಿಯನ್ನ ಹೇಳ್ತೀನಿ. ಸಿಟ್ಟು ಮಾಡಿಕೊಳ್ತಾರೆ. ಮಾಡಿಕೊಳ್ಳಲಿ.

ಸರಿ, ನಂಬರ್. ಎರಡಂತಸ್ತಿನ 30-40ರ ಮನೆ, ನಾಲ್ಕು ಪೈಪು, ಟೆರೇಸ್ ಗುಡಿಸಿ, ಜಾಲರಿ ಬಿಚ್ಚಿ ತೊಳೆದು, ಕೆಳಗಿನ ಚೇಂಬರಿನ ಮಣ್ಣು ತೆಗೆದು, ಕಸ ಹೊತ್ತುಕೊಂಡು ಹೋಗೋದಕ್ಕೆ ನಾನು ಈ ಮೇ ತಿಂಗಳಲ್ಲಿ ಕೊಟ್ಟಿದ್ದು 1,800 ರೂಪಾಯಿ. ಗೆಳೆಯರು ಕೊಟ್ಟಿದ್ದು 1,000ದಿಂದ 2,500ರವರೆಗೆ. ಶೀಟಿನ ಮಾಡು, ದೋಣಿ ಇದ್ದು ಹೊರಗಿನಿಂದ ಏಣಿ ಹಾಕಬೇಕಾದರೆ ಇನ್ನೂ ಮೇಲೆ. ಅದೇ ತೂತು ಬಾಚಿಸದೆ ನೀರು ನಿಂತು ಸ್ಲ್ಯಾಬ್ ಒಸರಿದ್ದಕ್ಕೆ ನಮ್ಮ ಬೀದಿಯಲ್ಲೇ ಒಬ್ಬರಿಗೆ ವಾಟರ್‌ಪ್ರೂಫಿಂಗಿನವರು ಹೇಳಿದ್ದು 45,000.

ನಮ್ಮನೆಗೆ ಬರುವವರು ಮೊದಲು 1,200 ಅಂದಿದ್ದರು, ಒಬ್ಬರೇ ಬರ್ತೀನಿ ಅಂತ. ಏಣಿ ಹಿಡಿಯೋಕೆ ಇನ್ನೊಬ್ಬರನ್ನ ಕರಕೊಂಡು ಬನ್ನಿ, ಅವರ ಕೂಲಿನೂ ಸೇರಿಸಿ ಹೇಳಿ ಅಂದೆ. ‘ಯಾಕೆ ಸಾರ್, ಸುಮ್ನೆ ದುಡ್ಡು ದಂಡ. ಹದಿನೈದು ವರ್ಷದಿಂದ ಒಬ್ಬನೇ ಹತ್ತುತಾ ಇದೀನಿ’ ಅಂದರು. ತಮ್ಮನನ್ನ ಕರಕೊಂಡು ಬಂದರು. ಮಳೆ ಶುರುವಾಗೋ ಮೊದಲು ಕರೆಸಿ, ನೆನೆದ ಏಣಿ, ಪಾಚಿ ಕಟ್ಟಿದ ಪ್ಯಾರಪೆಟ್ ಮೇಲೆ ಯಾರನ್ನೂ ಹತ್ತಿಸಬೇಡಿ. ಕೆಲಸ ಮುಗಿಯಿತು ಅಂದಮೇಲೆ ನೀವೂ ಮೇಲೆ ಹೋಗಿ, ಪ್ರತಿ ಪೈಪಿಗೂ ಎರಡು ಬಕೆಟ್ ನೀರು ಸುರಿಸಿ. ಕೆಳಗೆ ಒಬ್ಬರು ನಿಂತು, ನೀರು ಎಷ್ಟು ಬೇಗ ಬಂತು ಅನ್ನೋದರ ಜೊತೆಗೆ ಎಲ್ಲಿಗೆ ಹೋಯಿತು ಅನ್ನೋದನ್ನೂ ನೋಡಲಿ. ನಮ್ಮನೆಯ ಮೂರು ಪೈಪು ಸಂಪಿಗೆ, ಒಂದು ಇಂಗುಗುಂಡಿಗೆ.